ಡೊಂಕಪ್ಪನ ಹಾಡು

ನಮ್ಮೂರಿಗೆ ಬೆಳಗಿನ ಬಸ್ಸಿನಲ್ಲಿ ಬಂದಿಳಿಯುವವರಲ್ಲಿ ಕೆಲವರು ಚಪ್ಪಟೆಯಾಗಿರುತ್ತಾರೆ. ಟಿವಿಯಲ್ಲಿ ಅವರ ಕಾರ್ಟೂನು ನಿಂತುಹೋದ ಮೇಲೆ ಅವರೂ ಎಲ್ಲಿಗಾದರೂ ಹೋಗಬೇಕಲ್ಲ, ಇಲ್ಲಿಗೆ ಬರುತ್ತಾರೆ. ಕಂಡಕ್ಟರು ಅವರಿಗೆ ಅರ್ಧ ಟಿಕೆಟ್ಟು ಹರಿಯುತ್ತಾನೆ, ಸೀಟು ಮಾತ್ರ ಕೊಡುವುದಿಲ್ಲ. ಕಿಟಕಿಯ ಸಂದಿಗೆ ಸಿಕ್ಕಿಸಿ ಕರೆತರುತ್ತಾನೆ. ಎದುರಿನಿಂದ ನೋಡಿದರೆ ಮೈತುಂಬ ಬಣ್ಣ, ಪಕ್ಕಕ್ಕೆ ತಿರುಗಿದರೆ ಬರೀ ಒಂದು ಗೆರೆ. ಮಳೆಯಲ್ಲಿ ನೆನೆದರೆ ಹಗ್ಗಕ್ಕೆ ಒಣಹಾಕಬೇಕು. ಗಾಳಿ ಜೋರಾದ ದಿನ ಕೈ ಹಿಡಿದು ನಡೆಸಬೇಕು. ಇದೆಲ್ಲ ನಮಗೆ ರೂಢಿಯಾಗಿದೆ.

ಅವರು ಅನ್ನ ನೀರು ಕೇಳುವವರಲ್ಲ. ಅವರ ಊಟವೆಂದರೆ ಹಾಡು. ಕಾರ್ಟೂನು ಶುರುವಾಗುವ ಮುಂಚೆ ಒಂದು ಹಾಡು ಬರುತ್ತದಲ್ಲ, ಮಕ್ಕಳು ಆಟ ಬಿಟ್ಟು ಓಡಿಬರುವಂಥದ್ದು, ಅದನ್ನು ದಿನಕ್ಕೊಂದು ಸಲ ಯಾರಾದರೂ ಅವರೆದುರು ಹಾಡಬೇಕು. ಮೊಬೈಲಿನಲ್ಲಿ ಹಾಕಿದರೆ ನಡೆಯದು, ಜೀವವಿರುವ ಗಂಟಲಿನಿಂದಲೇ ಬರಬೇಕು. ತನ್ನ ಹಾಡನ್ನು ತಾನೇ ಹಾಡಿಕೊಂಡರೂ ಹೊಟ್ಟೆ ತುಂಬದು. ಹಾಡು ತಪ್ಪಿದರೆ ಮೊದಲು ಬಣ್ಣ ಮಾಸುತ್ತದೆ, ಆಮೇಲೆ ಗೆರೆ ತೆಳ್ಳಗಾಗುತ್ತದೆ. ಅದರಾಚೆ ಏನಾಗುತ್ತದೆಂದು ನೋಡುವ ತನಕ ನಮ್ಮೂರಿನವರು ಯಾರನ್ನೂ ಬಿಟ್ಟಿಲ್ಲ. ಮನೆಯಲ್ಲಿ ಖಾಲಿ ಕೋಣೆ ಇದ್ದವರು ಒಬ್ಬರನ್ನು ಇಟ್ಟುಕೊಳ್ಳಬೇಕೆಂದು ಪುರಸಭೆಯವರೇ ಗೊತ್ತುಮಾಡಿದ್ದಾರೆ. ನಮ್ಮ ಪಕ್ಕದ ಮನೆಯ ಪೋಸ್ಟ್‌ಮಾಸ್ಟರ್ ಗುರುಸಿದ್ದಯ್ಯನವರ ಪಾಲಿಗೆ ಟೋಪಿ ಹಾಕಿದ ಒಂದು ಪತ್ತೇದಾರ ಹಲ್ಲಿ ಬಂದಿತ್ತು. ದಿನಾ ಬೆಳಗ್ಗೆ ಕೆನ್ನೆಗೆ ನೊರೆ ಬಳಿದುಕೊಂಡು ಅವರು ಹಲ್ಲಿಯ ಹಾಡು ಹೇಳುತ್ತಿದ್ದರು. ಗಡ್ಡವೂ ಹೋಗುತ್ತಿತ್ತು, ಹಲ್ಲಿಯ ಹೊಟ್ಟೆಯೂ ತುಂಬುತ್ತಿತ್ತು.

ನಮ್ಮ ಮನೆಯಲ್ಲಿ ಇರುವವರು ಇಬ್ಬರೇ: ಅಕ್ಕ ಅಂಬುಜಾಕ್ಷಿ, ತಂಗಿ ಪಂಕಜಾಕ್ಷಿಯಾದ ನಾನು. ನಮ್ಮ ತಂದೆಗೆ ತಾವರೆ ಬಿಟ್ಟು ಬೇರೆ ಹೂವು ಗೊತ್ತಿರಲಿಲ್ಲವೆಂದು ಕಾಣುತ್ತದೆ. ನಾನು ಗರ್ಲ್ಸ್ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತೇನೆ. ಅಕ್ಕ ಮನೆಯಲ್ಲೇ ಸಂಗೀತ ಪಾಠ ಹೇಳುತ್ತಾಳೆ. ಅವಳ ಪಾಠದ ವಿಶೇಷವೆಂದರೆ ಅವಳು ಹಾಡುತ್ತಿರಲಿಲ್ಲ. ವೀಣೆಯಲ್ಲಿ ನುಡಿಸಿ ತೋರಿಸುವಳು, ಮಕ್ಕಳು ಹಾಡುವರು, ತಪ್ಪಿದರೆ ಅವಳ ಹುಬ್ಬು ಮೇಲೇರುವುದು. ಆ ಹುಬ್ಬನ್ನು ನೋಡಿಯೇ ಊರಿನ ಅರ್ಧ ಹುಡುಗಿಯರು ಶ್ರುತಿ ಕಲಿತರು. ಹಿಂದೆ ಅವಳು ಕಚೇರಿ ಮಾಡುತ್ತಿದ್ದವಳೇ. ಒಂದು ಗಣೇಶನ ಪೆಂಡಾಲಿನಲ್ಲಿ ಹಾಡುವಾಗ ಮೇಲಿನ ಪಂಚಮಕ್ಕೆ ಹೋದ ದನಿ ಅಲ್ಲೇ ಒಡೆಯಿತು, ಗಾಜಿನ ಲೋಟ ಬಿದ್ದ ಹಾಗೆ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಿಂದಿನ ಸಾಲಿಗೆ ಹೋಯಿತು, ಅಲ್ಲಿಂದ ಪೆಂಡಾಲಿನ ಹೊರಗೆ ಬೋಂಡಾ ಕರಿಯುತ್ತಿದ್ದವನ ತನಕ ಹೋಯಿತು. ಅಕ್ಕ ಹಾಡನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಳು. ಆಮೇಲೆ ಅವಳು ಸಾರಿಗೆ ಒಗ್ಗರಣೆ ಹಾಕುವಾಗ ಕೂಡ ಗುನುಗಿದ್ದನ್ನು ನಾನು ಕೇಳಲಿಲ್ಲ.

ಇಂಥ ಮನೆಗೆ ಪುರಸಭೆಯ ದೊಡ್ಡವೀರಯ್ಯ ಒಂದು ಬೆಳಗ್ಗೆ ಒಂಟೆಯೊಂದನ್ನು ಕಂಕುಳಲ್ಲಿ ಸುತ್ತಿಕೊಂಡು ಬಂದ. ಜಗಲಿಯ ಮೇಲೆ ಬಿಡಿಸಿ ಹಾಸಿ, ಅಂಗೈಯಿಂದ ಸುಕ್ಕು ತೀಡಿ, ಇವರ ಹೆಸರು ಡೊಂಕಪ್ಪ, ತುಂಬಾ ಹಳೆಯ ಕಾರ್ಟೂನು, ನಿಮ್ಮ ಹಿಂದಿನ ಕೋಣೆ ಖಾಲಿ ಇದೆಯಂತಲ್ಲ ಎಂದ. ಒಂಟೆ ಎದ್ದು ನಿಂತಿತು. ಕತ್ತು ಮೂರು ಕಡೆ ಬಳುಕಿತ್ತು, ಬೆನ್ನ ಮೇಲಿನ ಡುಬ್ಬ ಒಂದು ಪಕ್ಕಕ್ಕೆ ಜಾರಿತ್ತು, ನಾಲ್ಕು ಕಾಲೂ ನಾಲ್ಕು ಊರಿಗೆ ಹೊರಟಂತಿದ್ದವು. ಅಕ್ಕನಿಗೆ ನಮಸ್ಕಾರ ಮಾಡಲು ಬಗ್ಗಿದ ಡೊಂಕಪ್ಪ ತನ್ನ ಕಾಲಿಗೆ ತಾನೇ ತೊಡರಿ ತುಳಸಿಕಟ್ಟೆಯ ಮೇಲೆ ಬಿದ್ದ. ನಾನು ನಕ್ಕೆ. ಅಕ್ಕ ನಗಲಿಲ್ಲ.

ಅವನ ಹಾಡು ಯಾವುದೆಂದು ಅಕ್ಕ ವಿಚಾರಿಸಿದಳು. ಹೊಟ್ಟೆ ತುಂಬದಿದ್ದರೂ ತೋರಿಸಿಕೊಡಲು ಹಾಡಬಹುದಾದ್ದರಿಂದ, ಡೊಂಕಪ್ಪ ಕಣ್ಣು ಮುಚ್ಚಿ ಹಾಡಿ ತೋರಿಸಿದ:

"ಡೊಂಕು ಡೊಂಕು ಡೊಂಕಪ್ಪ, ಊರೇ ನಕ್ರೂ ನಂಗೇನಪ್ಪ! ಬಿದ್ರೆ ಏಳ್ತೀನ್, ಎದ್ರೆ ಬೀಳ್ತೀನ್, ನಡ್ಯೋದ್ ಮಾತ್ರ ಬಿಡೆನಪ್ಪಾ!"

ಕೊನೆಯ 'ಪ್ಪಾ' ಎಲ್ಲೋ ತೆಂಗಿನಮರದ ತುದಿಗೆ ಹೋಗಿ, ಅಲ್ಲಿ ಚೂರುಚೂರಾಗಿ ಒಡೆದು ಕೆಳಗೆ ಬೀಳುತ್ತಿತ್ತು. ಮೊದಲು ಹಾಡಿದ ಪುಣ್ಯಾತ್ಮನ ಗಂಟಲು ಅಲ್ಲಿ ಒಡೆದಿತ್ತಂತೆ, ಮಕ್ಕಳಿಗೆ ಅದೇ ಹಿಡಿಸಿತೆಂದು ಹಾಗೇ ಉಳಿಸಿಕೊಂಡರಂತೆ. ಅಕ್ಕನ ಹುಬ್ಬು ಎರಡೂ ಒಟ್ಟಿಗೆ ಮೇಲೇರಿದವು. ತಾನಂತೂ ಹಾಡುವ ಪ್ರಶ್ನೆಯೇ ಇಲ್ಲ, ಪಾಠಕ್ಕೆ ಬರುವ ಮಕ್ಕಳು ದಿನಾ ಕೊನೆಯಲ್ಲಿ ಹಾಡಿಬಿಡಲಿ ಎಂದಳು.

ಮಕ್ಕಳಿಗೆ ಬೇಕಾದದ್ದೂ ಅದೇ. ಸರಳೆ ವರಸೆ ಹೇಳಲು ಗಂಟಲು ಕಟ್ಟುತ್ತಿದ್ದವರೆಲ್ಲ ಡೊಂಕಪ್ಪನ ಹಾಡಿಗೆ ಛಾವಣಿ ಹಾರಿಸಿದರು. ಹಾಡು ತಿಂದು ಡೊಂಕಪ್ಪನ ಬಣ್ಣ ಹೊಸ ಬೆಲ್ಲದಂತಾಯಿತು. ಕೆಲಸವಿಲ್ಲದೆ ಕೂರುವ ಜೀವವಲ್ಲ ಅದು. ನಮ್ಮ ಬೀದಿಯ ಕೊನೆಯಲ್ಲಿರುವ ಅಂಗನವಾಡಿಗೆ ಮಧ್ಯಾಹ್ನ ಹೋಗತೊಡಗಿದ. ಅಲ್ಲಿನ ತಾಯಮ್ಮ ಮಕ್ಕಳಿಗೆ ಉಪ್ಪಿಟ್ಟು ಬಡಿಸುವ ಹೊತ್ತಿಗೆ ಇವನು ಬಾಗಿಲಲ್ಲಿ ಎಡವಬೇಕು, ಮಕ್ಕಳು ಬಾಯಿ ತೆರೆದು ನಗಬೇಕು, ತೆರೆದ ಬಾಯಿಗೆ ತಾಯಮ್ಮ ತುತ್ತಿಡಬೇಕು. ಚಿನ್ನಿ ಎಂಬೊಂದು ಪುಟ್ಟ ಹುಡುಗಿ ಇತ್ತು. ತಾಯಿ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋದ ಮೇಲೆ ಏನು ಮಾಡಿದರೂ ತಿನ್ನುತ್ತಿರಲಿಲ್ಲ. ಅದು ಕೂಡ ಡೊಂಕಪ್ಪ ಬಿದ್ದಷ್ಟು ಸಲ ತುತ್ತು ನುಂಗುತ್ತಿತ್ತು.

ಆದರೆ ಅಕ್ಕನಿಗೆ ನಿದ್ದೆ ಕೆಟ್ಟಿತು. ಹುಡುಗಿಯರು ಗೀತೆ ಹೇಳುವಾಗಲೂ ಕೊನೆಯ ಸ್ವರವನ್ನು ಒಡೆದು ಕೆಳಗೆ ಬೀಳಿಸತೊಡಗಿದ್ದರು. ಸರಸ್ವತಿ ಇರುವ ಮನೆಯಲ್ಲಿ ಇಂಥ ಅಪಸ್ವರ ನಡೆಯಲು ಬಿಡಲಾರೆ ಎಂದು ನಿರ್ಧರಿಸಿ ಅವಳು ಆ ಹಾಡನ್ನು ತಿದ್ದಲು ಕೂತಳು. ಕಲ್ಯಾಣಿ ರಾಗಕ್ಕೆ ಕೂರಿಸಿದಳು, ಆದಿತಾಳಕ್ಕೆ ಕಟ್ಟಿದಳು, ನಿಧಾನ ಮಾಡಿದಳು. 'ಬಿದ್ರೆ ಏಳ್ತೀನ್' ಎಂಬುದನ್ನು 'ಬಿದ್ದರೆ ಏಳುವೆನು' ಎಂದು ಶುದ್ಧ ಮಾಡಿದಳು. ಕೊನೆಯ 'ಪ್ಪಾ'ವನ್ನು ತೆಂಗಿನಮರದಿಂದ ಇಳಿಸಿ, ನೆಲದ ಮೇಲೆ, ಚಾಪೆ ಹಾಸಿ ಕೂರಿಸಿದಳು. ಮಕ್ಕಳು ಮೊದಲು ಗೊಣಗಿ ಆಮೇಲೆ ಕಲಿತರು. ಅಕ್ಕ ಕಲಿಸಿದರೆ ಕಲಿಯದವರಿಲ್ಲ.

ಮೊದಲ ದಿನ ಡೊಂಕಪ್ಪನ ಕತ್ತಿನ ಒಂದು ಬಳುಕು ಹೋಯಿತು. ವಾರ ಕಳೆಯುವುದರೊಳಗೆ ಉಳಿದವೂ ಹೋದವು. ಡುಬ್ಬ ನಡುಮಧ್ಯಕ್ಕೆ ಬಂದು, ದಿನೇ ದಿನೇ ಕರಗಿ, ಕೊನೆಗೆ ಒಂದು ದಿಂಬಿನಷ್ಟಾಯಿತು. ಕಾಲುಗಳು ಕಂಬದಂತೆ ನೇರವಾದವು. ಮೈಬಣ್ಣಕ್ಕೆ ರೇಷ್ಮೆಯ ಹೊಳಪು ಬಂತು. ಬೀದಿಯಲ್ಲಿ ನಡೆದರೆ ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ದೊಡ್ಡವೀರಯ್ಯ ಬಂದು ನೋಡಿ, ಅಂತೂ ಒಂಟೆಯನ್ನು ಕುದುರೆ ಮಾಡಿದಿರಲ್ಲ ಟೀಚರೇ ಎಂದು ಕೈಮುಗಿದ. ಅಕ್ಕ ಹಿಗ್ಗಿದ್ದು ನನಗೆ ಕಾಣಿಸುತ್ತಿತ್ತು. ಆ ವಾರ ಎರಡು ಸಲ ಪಾಯಸ ಮಾಡಿದಳು.

ಹೀಗಿರುವಾಗ ತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಜಗಲಿಗೆ ಬಂದಳು. ಒಂಟೆ ಈಗಲೂ ದಿನಾ ಬರುತ್ತದೆ, ಆದರೆ ಎಡವುವುದಿಲ್ಲ, ಎಡವಲು ಪಾಪ ತುಂಬಾ ಒದ್ದಾಡುತ್ತದೆ, ಕಾಲು ತಪ್ಪುವುದೇ ಇಲ್ಲ ಎಂದಳು. ಮಾವನ ಮನೆಗೆ ಬಂದ ಅಳಿಯನ ಹಾಗೆ ಮೂಲೆಯಲ್ಲಿ ಕೂತುಬಿಡುತ್ತದಂತೆ. ಮಕ್ಕಳು ಒಂದಷ್ಟು ದಿನ ಕಾದು, ಆಮೇಲೆ ಅದರ ಕಡೆ ನೋಡುವುದನ್ನೇ ಬಿಟ್ಟವಂತೆ. ಚಿನ್ನಿ ತಟ್ಟೆ ಮುಟ್ಟುತ್ತಿಲ್ಲವಂತೆ.

"ಚೆಂದ ಮಾಡಿದೀರ ಅಕ್ಕಾವ್ರೇ, ಇಲ್ಲ ಅನ್ನಲ್ಲ," ಎಂದಳು ತಾಯಮ್ಮ. "ಚೆಂದ ಇಟ್ಕೊಂಡು ನಾನೇನ್ ಮಾಡ್ಲಿ? ಮಗು ಉಣ್ಬೇಕಲ್ಲ."

ತಾಯಮ್ಮ ಹೋದ ಮೇಲೆ ಅಕ್ಕ ಹಿಂದಿನ ಕೋಣೆಗೆ ಹೋದಳು. ಡೊಂಕಪ್ಪ ಗೋಡೆಗೆ ಒರಗಿ ನಿಂತಿದ್ದ. ಬಾಗದ ಕತ್ತಾದ್ದರಿಂದ ಮಲಗಲು ಬರುತ್ತಿರಲಿಲ್ಲ. ಅದನ್ನು ಅಕ್ಕ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಹಾಡು ಸಾಲುತ್ತಿಲ್ಲವೇ ಎಂದು ಕೇಳಿದಳು.

"ಹೊಟ್ಟೆ ತುಂಬುತ್ತೆ ಟೀಚರಮ್ಮ," ಎಂದ ಅವನು, ಬಹಳ ಮರ್ಯಾದೆಯಿಂದ. "ಆದ್ರೆ ತುಂಬೋದು ನನ್ ಹೊಟ್ಟೆ ಅಲ್ಲ. ಬೇರೆ ಯಾರದೋ ಊಟ ನಾನು ಕೂತು ಉಂಡಂಗಿರುತ್ತೆ." ಕತ್ತು ಬಗ್ಗಿಸಲು ನೋಡಿ, ಆಗದೆ, ಸೇರಿಸಿದ: "ತಪ್ಪು ತಿಳ್ಕೋಬೇಡಿ. ನನ್ ಡೊಂಕು ನಂಗೆ ವಾಪಸ್ ಕೊಟ್ಬಿಡಿ."

ಅಂದಿನಿಂದ ಮನೆಯಲ್ಲಿ ಕಲ್ಯಾಣಿ ನಿಂತಿತು. ಹಳೆಯ ಹಾಡನ್ನೇ ಹಾಡಿ ಎಂದು ಅಕ್ಕ ಮಕ್ಕಳಿಗೆ ಹೇಳಿದಳು. ಅವರು ಬಾಯಿ ತೆರೆದರೆ ಕಲ್ಯಾಣಿಯೇ ಬಂತು. ಅಷ್ಟು ಚೆನ್ನಾಗಿ ತಿದ್ದಿದ್ದಳು. ತಾಯಮ್ಮ ಬಂದು ಹಳೆಯ ಮಟ್ಟಿನಲ್ಲೇ ಗಟ್ಟಿಯಾಗಿ ಹಾಡಿದಳು. ಕೆಸುವಿನ ಎಲೆಯ ಮೇಲೆ ನೀರು ಹೊಯ್ದ ಹಾಗೆ ಹಾಡು ಅವನ ಮೈಮೇಲಿಂದ ಜಾರಿಹೋಯಿತು. ನಾನೂ ಹಾಡಿ ನೋಡಿದೆ. ಅವನ ಎಡಗಿವಿ ಮಾತ್ರ ಒಂದಿಷ್ಟು ಬಾಗಿ, ಮರುಗಳಿಗೆ ನೆಟ್ಟಗಾಯಿತು. ಗೋಡೆಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದ ಪೋಸ್ಟ್‌ಮಾಸ್ಟರ ಹಲ್ಲಿ, ತನ್ನ ಪತ್ತೇದಾರಿಕೆಯ ಗತ್ತಿನಲ್ಲಿ ಟೋಪಿ ಸರಿಮಾಡಿಕೊಂಡು, ಯಾರು ನೇರ ಮಾಡಿದರೋ ಅವರ ಗಂಟಲಿನಿಂದಲೇ ಡೊಂಕಾಗಬೇಕು, ಇದರಲ್ಲಿ ಪತ್ತೆ ಹಚ್ಚುವಂಥದ್ದು ಏನೂ ಇಲ್ಲ ಎಂದಿತು.

ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು. ಅಷ್ಟು ವರ್ಷಗಳ ಮೇಲೆ ಅವಳ ದನಿ ನನ್ನ ಕಿವಿಗೆ ಬಿದ್ದದ್ದು ಹಾಗೆ, ಮುಚ್ಚಿದ ಬಾಗಿಲ ಆಚೆಯಿಂದ, ಒಂಟೆಯ ಹಾಡು ಹಾಡುತ್ತಿದ್ದಾಗ. ಕೈಯಲ್ಲಿದ್ದ ಬಟ್ಟೆಗೆ ಸೂಜಿ ಚುಚ್ಚುವುದನ್ನು ಮರೆತು ಕೂತೆ. ಜೇನು ಗಟ್ಟಿಯಾದಂಥ ದನಿ, ಸ್ವಲ್ಪವೂ ಕೆಟ್ಟಿರಲಿಲ್ಲ. ಕೆಡದಿದ್ದದ್ದೇ ತೊಂದರೆ. ಹಾಡು ಎತ್ತರಕ್ಕೆ ಏರುವ ಜಾಗ ಬಂದಾಗೆಲ್ಲ ಅವಳು ಮೆಲ್ಲಗೆ ಕೆಳಗಿನ ಸ್ಥಾಯಿಗೆ ಇಳಿದುಬಿಡುತ್ತಿದ್ದಳು. ಒಡೆದಂತೆ ನಟಿಸಿಯೂ ನೋಡಿದಳು. ಅದು ಕೆಮ್ಮಿದ ಹಾಗಿತ್ತು. ಒಳಗಿದ್ದದ್ದು ಅವರಿಬ್ಬರೇ, ನಕ್ಕಾರೆಂಬ ಭಯವಿರಲಿಲ್ಲ. ಆದರೆ ಯಾರೂ ಇಲ್ಲದ ಕಡೆ ತಪ್ಪಿಸಿಕೊಳ್ಳುವುದೂ ಸುಲಭ. ಡೊಂಕಪ್ಪ ಇನ್ನಷ್ಟು ನೆಟ್ಟಗಾದ. ಹೊಟ್ಟೆಗೆ ಏನೂ ಸೇರದೆ ಬಣ್ಣ ಮಾಸತೊಡಗಿತು. ಬೆಲ್ಲದ ಬಣ್ಣ ಹೋಗಿ ಹಾಲು ಜಾಸ್ತಿಯಾದ ಕಾಫಿಯ ಬಣ್ಣ ಬಂತು, ಆಮೇಲೆ ಅದೂ ತಿಳಿಯಾಯಿತು. ಕಲ್ಯಾಣಿಯನ್ನೇ ಹಾಡಿಸಲೇ ಎಂದು ಅಕ್ಕ ಹೆದರಿ ಕೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ಹಿಂದಿನ ಗೋಡೆಯ ಸುಣ್ಣ ಅವನ ಮೈಯೊಳಗಿಂದ ಕಾಣುತ್ತಿತ್ತು.

ಅಷ್ಟಾದರೂ ಮಧ್ಯಾಹ್ನ ಅಂಗನವಾಡಿಗೆ ಹೋಗುವುದನ್ನು ಮಾತ್ರ ಡೊಂಕಪ್ಪ ತಪ್ಪಿಸಲಿಲ್ಲ. ಒಂದು ಶುಕ್ರವಾರ ಗಾಳಿ ಎದ್ದಿತ್ತು. ಅಷ್ಟು ತೆಳ್ಳಗಾದವನನ್ನು ಒಬ್ಬನೇ ಕಳಿಸಲು ಧೈರ್ಯ ಸಾಲದೆ ಅಕ್ಕ ಅವನ ಮುಂಗಾಲು ಹಿಡಿದುಕೊಂಡು ಹೊರಟಳು. ಇನ್ನೊಂದು ಕಾಲು ನಾನು ಹಿಡಿದೆ. ಅಂದು ಅಲ್ಲಿ ಮಕ್ಕಳ ತೂಕ ನೋಡುವ ದಿನ. ತಾಯಂದಿರೆಲ್ಲ ಬಂದು ಗೋಡೆಯುದ್ದಕ್ಕೂ ನಿಂತಿದ್ದರು. ಅವರಲ್ಲಿ ಹಲವರ ದೊಡ್ಡ ಹುಡುಗಿಯರು ಅಕ್ಕನ ಹತ್ತಿರ ಪಾಠಕ್ಕೆ ಬರುವವರು. ಆಗಷ್ಟೇ ತಕ್ಕಡಿಯಿಂದ ಇಳಿಸಿದ್ದ ಚಿನ್ನಿ ಉಪ್ಪಿಟ್ಟಿನ ತಟ್ಟೆಯೆದುರು ಕೂತಿತ್ತು. ಅದರ ತಾಯಿ ಇಟ್ಟಿಗೆ ಧೂಳಿನ ಕೈಯಲ್ಲೇ ಗೂಡಿನಿಂದ ಓಡಿಬಂದು, ಒಂದೇ ತುತ್ತು ಕಂದಾ, ಒಂದೇ ಒಂದು ಎಂದು ಅಂಗಲಾಚುತ್ತಿದ್ದಳು. ಮಗು ತಲೆಯೆತ್ತಿ ಡೊಂಕಪ್ಪನನ್ನು ನೋಡಿತು. ಡೊಂಕಪ್ಪ ಹೊಸ್ತಿಲಲ್ಲಿ ಎಡವಲು ನೋಡಿದ. ಕಾಲು ಅಚ್ಚುಕಟ್ಟಾಗಿ ಹೊಸ್ತಿಲು ದಾಟಿತು. ಚಿನ್ನಿ ತಟ್ಟೆಯನ್ನು ದೂರ ತಳ್ಳಿ ಗೋಡೆಯ ಕಡೆ ತಿರುಗಿ ಕೂತಿತು.

ಅಕ್ಕ ನನ್ನ ಪಕ್ಕದಲ್ಲೇ ಇದ್ದಳು. ಅವಳ ಕುತ್ತಿಗೆಯ ನರ ಉಬ್ಬಿದ್ದು ಕಂಡೆ. ಶ್ರುತಿಪೆಟ್ಟಿಗೆಯಿಲ್ಲ, ಕೂರಲು ಚಾಪೆಯಿಲ್ಲ, ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ನಿಂತಲ್ಲೇ ಹಾಡು ತೆಗೆದಳು. ತನ್ನ ಶ್ರುತಿಯಲ್ಲಲ್ಲ, ಅವತ್ತು ಡೊಂಕಪ್ಪ ಜಗಲಿಯ ಮೇಲೆ ತೋರಿಸಿಕೊಟ್ಟ ಆ ಹುಚ್ಚು ಎತ್ತರದಲ್ಲಿ. ಗೋಡೆಗೆ ನಿಂತ ತಾಯಂದಿರು ಮಾತು ನಿಲ್ಲಿಸಿದರು. ಡೊಂಕು ಡೊಂಕು ಡೊಂಕಪ್ಪ ಎಂದಳು, ಊರೇ ನಕ್ಕರೂ ಎಂದಳು. ಬಿದ್ದು ಎದ್ದು ಮುಗಿದು ಕೊನೆಯ ಸಾಲು ಬಂತು. ಇಲ್ಲೂ ಇಳಿದುಬಿಡುತ್ತಾಳೆ ಎಂದೇ ನಾನು ತಿಳಿದಿದ್ದೆ. ಅಷ್ಟು ಜನ ಬಾಯಿ ನೋಡುತ್ತಿರುವಾಗ ಇಳಿಯಲು ಅವಳಿಗೆ ದಾರಿಯಿರಲಿಲ್ಲ. ಅಥವಾ ಇತ್ತು, ಅವಳು ಹಿಡಿಯಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಮೇಲಕ್ಕೆ ಹೋದಳು. ದನಿ ತುದಿ ಮುಟ್ಟಿತು, ನಡುಗಿತು, ಪಟ್ಟೆಂದು ಒಡೆಯಿತು. ನಟನೆಯಲ್ಲ ಅದು. ನಾಯಿಮರಿಯ ಬಾಲ ತುಳಿದಾಗ ಬರುವಂಥ ಕುಂಯ್ ಎಂಬ ಸದ್ದು ನನ್ನಕ್ಕನ ಗಂಟಲಿನಿಂದ ಬಂತು.

ಡೊಂಕಪ್ಪನ ಕತ್ತು ಲಟಕ್ಕೆಂದು ಮೂರು ಕಡೆ ಬಾಗಿತು. ಡುಬ್ಬ ಹಾಲುಕ್ಕಿದಂತೆ ಉಕ್ಕಿ ಪಕ್ಕಕ್ಕೆ ಜಾರಿತು. ಕಾಲುಗಳು ನಾಲ್ಕು ದಿಕ್ಕಿಗೆ ಓಡಿದವು, ಮೈಗೆ ಬಣ್ಣ ನುಗ್ಗಿತು. ಅಷ್ಟು ದಿನ ಕೂಡಿಟ್ಟಿದ್ದ ಬೀಳುವಿಕೆಯೆಲ್ಲ ಒಟ್ಟಿಗೆ ಬಂತೋ ಏನೋ. ಅವನು ಮೊದಲು ತಕ್ಕಡಿಯ ಮೇಲೆ ಬಿದ್ದ, ಅಲ್ಲಿಂದ ನೀರಿನ ಬಕೆಟ್ಟಿಗೆ ಬಿದ್ದ, ಅಲ್ಲಿಂದ ಎದ್ದವನು ಉಪ್ಪಿಟ್ಟಿನ ಪಾತ್ರೆಯನ್ನು ತಲೆಗೆ ಹಾಕಿಕೊಂಡು ತಾಯಮ್ಮನ ಮಡಿಲಲ್ಲಿ ಬಿದ್ದ. ಮಕ್ಕಳು ಕಿರುಚಿ ನಕ್ಕವು. ತಾಯಂದಿರು ಸೆರಗು ಬಾಯಿಗಿಟ್ಟುಕೊಂಡರು, ಸಾಲದೆ ಹೋಗಿ ಸೆರಗು ಬಿಟ್ಟೇ ನಕ್ಕರು. ಚಿನ್ನಿ ಹೊಟ್ಟೆ ಹಿಡಿದುಕೊಂಡು ಉರುಳಾಡಿತು. ಅದರ ತಾಯಿ ನಗುತ್ತ ಅಳುತ್ತ ತೆರೆದ ಬಾಯಿಗೆ ತುತ್ತಿಟ್ಟಳು. ಇನ್ನೊಂದು ಇಟ್ಟಳು.

ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಕಿವಿಯ ತುದಿ ಕೆಂಪಾಗಿತ್ತು. ನಗುವವರಲ್ಲಿ ಕೆಲವರಾದರೂ ಅವಳ ಗಂಟಲಿಗೇ ನಗುತ್ತಿದ್ದರು, ಅದು ಅವಳಿಗೂ ಗೊತ್ತಿತ್ತು. ಮನೆಗೆ ಓಡುತ್ತಾಳೇನೋ ಎಂದುಕೊಂಡೆ. ಅವಳು ಅಲ್ಲೇ ನಿಂತು ಎಲ್ಲರನ್ನೂ ಒಂದು ಸುತ್ತು ನೋಡಿದಳು. ಆಮೇಲೆ ಚಿನ್ನಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, "ಇನ್ನೊಂದ್ಸಲ ಹಾಡ್ಲೇನೇ?" ಎಂದು ಕೇಳಿದಳು. ಬಾಯಿ ತುಂಬಿದ್ದರಿಂದ ಮಗು ತಲೆಯಾಡಿಸಿತು.

ಎರಡನೆಯ ಸಲ ದನಿ ಇನ್ನೂ ಚೆನ್ನಾಗಿ ಒಡೆಯಿತು.

ಊರಲ್ಲಿ ಇದರ ಬಗ್ಗೆ ಬೇಕಾದಷ್ಟು ಮಾತಾಯಿತು. ಇಬ್ಬರು ತಾಯಂದಿರು, ಇಂಥ ಗಂಟಲಿನವರ ಹತ್ತಿರ ಕಲಿತು ಏನು ಬಂತು ಎಂದು ಮಕ್ಕಳನ್ನು ಪಾಠದಿಂದ ಬಿಡಿಸಿದರು. ಅಕ್ಕನಿಗೆ ಬೇಸರವಾಯಿತು, ಆಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಪಾಠದಲ್ಲಿ ಈಗ ಅವಳೇ ಹಾಡಿ ತೋರಿಸುತ್ತಾಳೆ. ಡೊಂಕಪ್ಪನಿಗೆ ದಿನಾ ಬೆಳಗ್ಗೆ ಅಡುಗೆಮನೆಯಿಂದಲೇ ಹಾಡಿಬಿಡುತ್ತಾಳೆ. ಅವನು ಒಲೆಯ ಪಕ್ಕದಲ್ಲಿ ಸುತ್ತಿಕೊಂಡು ಮಲಗಿ ಉಣ್ಣುತ್ತಾನೆ. ಕೊನೆಯ ಸ್ವರ ಕೆಲವು ದಿನ ಒಡೆಯುವುದಿಲ್ಲ. ಅಂಥ ದಿನ ಅವನು ಕೊಂಚ ನೆಟ್ಟಗಿರುತ್ತಾನೆ, ಪುರಸಭೆಯ ಕೆಲಸವೇನಾದರೂ ಇದ್ದರೆ ಅಂದೇ ಮುಗಿಸಿಕೊಂಡು ಬರುತ್ತಾನೆ.

ಅದಾಗಿ ಕೆಲವು ವಾರಗಳಿಗೆ, ಒಂದು ಶನಿವಾರ ಸಂಜೆ, ಅಕ್ಕ ಜಗಲಿಯ ಮೇಲೆ ತಂಬೂರಿ ಹಿಡಿದು ಕೂತಳು. ಯಾರನ್ನೂ ಕರೆದಿರಲಿಲ್ಲ. ತೋಡಿ ರಾಗದಲ್ಲಿ ಒಂದು ದೊಡ್ಡ ಕೃತಿ ತೆಗೆದುಕೊಂಡಳು. ಅನುಪಲ್ಲವಿಯಲ್ಲಿ ಒಂದು ಕಡೆ ದನಿ ಬಿರುಕು ಬಿಟ್ಟಿತು. ಅವಳು ಒಂದು ಗುಟುಕು ನೀರು ಕುಡಿದು ಚರಣಕ್ಕೆ ಹೋದಳು. ಮುಗಿಸಿ ಕಣ್ಣು ತೆರೆದರೆ ನಮ್ಮ ಕಾಂಪೌಂಡಿನ ಆಚೆ ಊರಿನ ಚಪ್ಪಟೆ ಮಂದಿಯೆಲ್ಲ ನಿಂತಿದ್ದರು. ಗಾಳಿಗೆ ಹಾರದಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ಪತ್ತೇದಾರ ಹಲ್ಲಿ ಗೋಡೆಯ ಮೇಲೆ ಅಂಟಿಕೊಂಡಿತ್ತು, ಟೋಪಿ ತೆಗೆದು ಕೈಯಲ್ಲಿ ಹಿಡಿದಿತ್ತು.

ಅಕ್ಕ ಗಾಬರಿಯಾದಳು. ಗುರುಸಿದ್ದಯ್ಯನವರು ಇವತ್ತು ಹಾಡಲಿಲ್ಲವೇ, ಹಸಿದುಕೊಂಡು ಬಂದಿದ್ದೀರಾ, ಯಾರ ಯಾರ ಹಾಡು ಆಗಿಲ್ಲ ಹೇಳಿ, ಒಂದೊಂದಾಗಿ ಹಾಡಿಬಿಡುತ್ತೇನೆ, ಇದು ನಿಮ್ಮ ಯಾರ ಹಾಡೂ ಅಲ್ಲವಲ್ಲ, ಇದರಿಂದ ನಿಮಗೆ ಏನೂ ಸಿಗುವುದಿಲ್ಲ ಎಂದಳು.

"ನಮ್ದೆಲ್ಲ ಊಟ ಆಗಿದೆ ತಾಯಿ," ಎಂದಿತು ಹಲ್ಲಿ. "ಸುಮ್ನೆ ಕೇಳೋಣ ಅಂತ ಬಂದ್ವಿ."

ಅಕ್ಕ ಗೇಟು ತೆಗಿ ಎಂದು ನನಗೆ ಹೇಳಿ, ತಂಬೂರಿಯನ್ನು ಮತ್ತೆ ಭುಜಕ್ಕೆ ಒರಗಿಸಿಕೊಂಡಳು. ನಾನು ಗೇಟು ತೆಗೆದು ಒಳಗಿದ್ದ ದೊಡ್ಡ ಜಮಖಾನೆ ತಂದು ಹಾಸಿದೆ.